ಬೆಳ್ಳಕ್ಕಿಗಳ ಗೂಡುಮರವೂ ಅವುಗಳ ಶತ್ರುಗಳೂ

ಬೆಳಗಾವಿ, ಖಾನಾಪುರ ಕಡೆಯ ಗದ್ದೆಗಳಲ್ಲಿ ನೇಗಿಲಿನ ಹಿಂದೆಯೂ ದನಗಳ ಕಾಲಬಳಿಯಲ್ಲಿಯೂ ಹುಳುಗಳನ್ನು ಹೆಕ್ಕುವ ಬೆಳ್ಳಕ್ಕಿಗಳನ್ನು ಕಾಣದ ಒಕ್ಕಲಿಗನಿಲ್ಲ. ಮಿಡತೆಗಳನ್ನು ತಿನ್ನುವ ಈ ಹಕ್ಕಿಗಳು ಬೇಸಾಯಕ್ಕೆ ಉಪಕಾರಿಗಳು. ಆದರೆ ಇವುಗಳ ಸಂತತಿಯ ಅಳಿವು ಉಳಿವು ನಿರ್ಣಯವಾಗುವುದು ಗೂಡುಮರದಲ್ಲಿ.

ಬೆಳ್ಳಕ್ಕಿಗಳೂ ಬಕಗಳೂ ಗುಂಪುಗೂಡಿ ಒಂದೇ ಮರದಲ್ಲಿ ಹಲವು ಗೂಡುಗಳನ್ನು ಕಟ್ಟುವುವು. ಸಾಧಾರಣವಾಗಿ ಗೂಡಿಗೆ 3ರಿಂದ 5 ಮೊಟ್ಟೆಗಳು. ಕಾವಿಗೆ ಮೂರು ನಾಲ್ಕು ವಾರ, ಮರಿಗಳ ರೆಕ್ಕೆ ಬಲಿಯಲು ಮತ್ತೊಂದು ತಿಂಗಳು ಅಥವಾ ಹೆಚ್ಚು ಬೇಕು. ಎಲ್ಲ ಮೊಟ್ಟೆಗಳನ್ನೂ ಇಡುವ ಮೊದಲೇ ಕಾವು ಆರಂಭವಾಗುವುದರಿಂದ ಮರಿಗಳು ಹಿಂದುಮುಂದಾಗಿ ಹೊರಬರುತ್ತವೆ. ಆಹಾರ ಸಾಲದಿದ್ದರೆ ಕಿರಿಯ ಮರಿ ಸಾಯುತ್ತದೆ. ಆದಕಾರಣ ಪ್ರತಿಯೊಂದು ನಷ್ಟವನ್ನೂ ಶತ್ರುಗಳ ಮೇಲೆ ಹೊರಿಸಲಾಗದು.

ಕಾಗೆಯು ಮೊಟ್ಟೆಯನ್ನೂ ಎಳೆಮರಿಯನ್ನೂ ಕದಿಯುತ್ತದೆ. ಹದ್ದು ಮರಿಯನ್ನು ಎತ್ತುತ್ತದೆ. ಹಾವು, ಕಾಡುಬೆಕ್ಕುಗಳು ಮರವೇರುತ್ತವೆ. ಕೆಳಗೆ ಬಿದ್ದ ಮರಿ ನಾಯಿ ನರಿಗಳ ಪಾಲಾಗುತ್ತದೆ. ತಾಯಿತಂದೆಗಳು ಗೂಡಿನಲ್ಲಿರುವ ತನಕ ಕಾಗೆಗೆ ಸುಲಭವಾಗಿ ಎಡೆ ದೊರೆಯದು. ಜನರು ಮರದಡಿಯಲ್ಲಿ ಗದ್ದಲಮಾಡಿ, ಕಲ್ಲೆಸೆದು ಅವುಗಳನ್ನು ಎಬ್ಬಿಸಿದರೆ ಕ್ಷಣಮಾತ್ರದಲ್ಲಿ ಗೂಡು ಬರಿದಾದೀತು. ಹೀಗೆ ಕಾಗೆಯ ಕಳ್ಳತನಕ್ಕೆ ಮನುಷ್ಯನೇ ಬಾಗಿಲು ತೆರೆದಂತಾಗುತ್ತದೆ.

ಕಾವಲು ಎರಡು ಬಗೆಯದು. ಮೊದಲನೆಯದು ನೀರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. ಸುತ್ತಲಿನ ನೀರು ನರಿ ಬೆಕ್ಕುಗಳನ್ನು ತಡೆಯುತ್ತದೆ. ನೀರಿಳಿದರೆ ಆ ತಡೆಯೂ ಸಡಿಲವಾಗುತ್ತದೆ. ಎರಡನೆಯದು ಗ್ರಾಮಸ್ಥರ ಅಭಿಮಾನ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಣ ಮರಗಳಲ್ಲಿಯೇ ಗೂಡು ಕಟ್ಟುವುವು. ಗ್ರಾಮಸ್ಥರು ಅವುಗಳ ಹಿಕ್ಕೆಯನ್ನು ಗೊಬ್ಬರವಾಗಿ ಬಳಸಿದ್ದಾರೆ; ಬಿದ್ದ ಮರಿಗಳನ್ನು ಸಾಕಿಬಿಟ್ಟಿದ್ದಾರೆ. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು.

ಗೂಡುಮರದ ಕೆಳಗೆ ಕೊಳೆ, ದುರ್ವಾಸನೆ ಉಂಟಾಗುವುದು ನಿಜ. ಆ ಬೇಸರದಿಂದ ಕೊಂಬೆ ಕಡಿಸಿದರೆ ಒಂದೇ ದಿನದಲ್ಲಿ ಇಡೀ ವರ್ಷದ ಸಂತಾನ ನಾಶವಾದೀತು; ಮೊಟ್ಟೆ, ಗೂಡುಗಳನ್ನು ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು. ಆದುದರಿಂದ ಊರಿನ ಮುಖಂಡರೂ ಜಮೀನುದಾರರೂ ಮರಿಗಳು ಹಾರುವವರೆಗೆ ಕೊಂಬೆ ಕಡಿಯುವುದನ್ನೂ ಪಟಾಕಿ ಸುಡುವುದನ್ನೂ ತಡೆಯತಕ್ಕದ್ದು. ಕಾಗೆ, ನಾಯಿಗಳನ್ನು ಸೆಳೆಯುವ ಕಸವನ್ನು ಮರದ ಬಳಿ ಹಾಕಿಸಕೂಡದು. ಬೇಕಾದುದು ಎರಡು ತಿಂಗಳ ತಾಳ್ಮೆ. ಹಕ್ಕಿಗಳು ಅದರ ಋಣವನ್ನು ಗದ್ದೆಯಲ್ಲಿ ತೀರಿಸುವುವು.