ಯಕ್ಷಗಾನದ ಕಿವಿಗೆ ಬಿದ್ದ ಹೆವಿ ಮೆಟಲ್

ಕುಂಬಳೆಯ ಹವ್ಯಾಸಿ ಕೇಳುಗನೊಬ್ಬನ ಅಭಿಪ್ರಾಯ

ಕುಂಬಳೆ: "ಎಂತ ಬೊಬ್ಬೆ ಮಾರಾಯ ಅದು, ನಿಲ್ಲಿಸು ಒಮ್ಮೆ!" ಹೆವಿ ಮೆಟಲ್ ಸಂಗೀತಕ್ಕೆ ಗಡಿನಾಡಿನ ಕನ್ನಡ ಮನೆಗಳಲ್ಲಿ ಸಿಗುವ ವಿಮರ್ಶೆ ಸಾಮಾನ್ಯವಾಗಿ ಇಷ್ಟೇ. ಆದರೆ ಹಾಗೆ ಹೇಳುವ ಮನೆಯವರೇ ರಾತ್ರಿಯಿಡೀ ಬಯಲಾಟದಲ್ಲಿ ಕೂತು, ಬಣ್ಣದ ವೇಷದ ತೆರೆ ಪೊರಪ್ಪಾಟಿಗೆ ಚೆಂಡೆ ಏರಿದಾಗ ನಿದ್ದೆ ಬಿಟ್ಟು ಕಣ್ಣರಳಿಸುವವರು. "ನಿನ್ನೆ ಚೆಂಡೆ ಭರ್ಜರಿ ಇತ್ತು" ಅಂತ ಮರುದಿನ ಹೊಗಳುವವರು. ಅಂದರೆ ದೊಡ್ಡ ಸದ್ದು ನಮಗೆ ಹೊಸತಲ್ಲ. ಪರಿಚಯ ಇರುವ ಸದ್ದು ಸಂಗೀತ, ಪರಿಚಯ ಇಲ್ಲದ್ದು ಬೊಬ್ಬೆ. ವ್ಯತ್ಯಾಸ ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತ ಕಲಿತವನಲ್ಲ. ಗಿಟಾರ್ ಹಿಡಿಯಲು ಬರುವುದಿಲ್ಲ. ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಅತ್ತರು, ಟೈಗರ್ ಬಾಮ್‌ಗಳ ನಡುವೆ ಬಂದ ಕ್ಯಾಸೆಟ್ಟುಗಳಿಂದ ಹಿಡಿದ ಹುಚ್ಚು, ಇನ್ನೂ ಬಿಟ್ಟಿಲ್ಲ. 2021ರಿಂದ 2025ರ ನಡುವೆ ಬಂದ ಕೆಲವು ಹೊಸ ರಾಕ್ ಮತ್ತು ಮೆಟಲ್ ಆಲ್ಬಮ್‌ಗಳ ಬಗ್ಗೆ ಒಬ್ಬ ಸಾಮಾನ್ಯ ಕೇಳುಗನಾಗಿ ನಾಲ್ಕು ಮಾತು ಇಲ್ಲಿದೆ. ನನ್ನ ಅಳತೆಗೋಲು ಎರಡೇ. ಒಂದು, ಮಧ್ಯೆ ಏಳದೆ ಕೊನೆವರೆಗೆ ಕೇಳಿಸಿಕೊಳ್ಳುತ್ತದೋ? ಎರಡು, ಆ ಸದ್ದಿಗೆ ಒಂದು ಕಾರಣ ಉಂಟೋ?

ಕಾರ್ಖಾನೆಯಲ್ಲಿ ಹುಟ್ಟಿದ ಸದ್ದು

ಕಾರಣ ಅಂದದ್ದು ಸುಮ್ಮನೆ ಅಲ್ಲ. ಈ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮ್‌ನಲ್ಲಿ. ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ಅಲ್ಲಿನ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಕೆಲಸದ ಕಡೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಚನಾದ್ದರಿಂದ ಗಿಟಾರ್ ತಂತಿ ಒತ್ತುವ ಬೆರಳುಗಳು ಅವೇ. ಆತ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ತಂತಿ ಸಡಿಲಿಸಿ ಶ್ರುತಿಯನ್ನೂ ಇಳಿಸಿದ. ಆ ಇಳಿದ ಶ್ರುತಿಯ ಭಾರವೇ ಈ ಸಂಗೀತದ ಗುರುತಾಯಿತು. ಆತನ ತಂಡ 'ಬ್ಲ್ಯಾಕ್ ಸಬ್ಬಾತ್' ಮೊದಲ ಆಲ್ಬಮ್ ತಂದದ್ದು 1970ರ ಫೆಬ್ರವರಿಯಲ್ಲಿ.

ಆ ತಂಡದ ಗಾಯಕ ಆಝಿ ಆಸ್ಬೋರ್ನ್ 2025ರ ಜುಲೈ 5ರಂದು ಅದೇ ಊರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೂತಲ್ಲಿಂದಲೇ ಕಡೆಯ ಬಾರಿ ಹಾಡಿದರು. ಹದಿನೇಳು ದಿನ ಕಳೆದು, ಜುಲೈ 22ರಂದು ತೀರಿಕೊಂಡರು. ಬಣ್ಣ ಕಳಚದೆ ರಂಗದಲ್ಲೇ ಕುಸಿದ ಹಿರಿಯ ಕಲಾವಿದರ ಕಥೆ ಕೇಳಿ ಬೆಳೆದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಎಪ್ಪತ್ತೆರಡರ ಕಂಠ

ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲ ಜಾಗ ಅದೇ ಕಡೆಯ ಇನ್ನೊಂದು ಹಳೇ ತಂಡ 'ಜೂಡಸ್ ಪ್ರೀಸ್ಟ್'ಗೆ. ಇವರ ಚೊಚ್ಚಲ ಆಲ್ಬಮ್ ಬಂದದ್ದು 1974ರಲ್ಲಿ. 'ಇನ್ವಿನ್ಸಿಬಲ್ ಶೀಲ್ಡ್' ಬಂದದ್ದು 2024ರ ಮಾರ್ಚ್ 8ರಂದು. ನಡುವೆ ಐವತ್ತು ವರ್ಷ! ಗಾಯಕ ರಾಬ್ ಹ್ಯಾಲ್‌ಫರ್ಡ್‌ಗೆ ಆಗ 72. ಏರು ಪದ್ಯಕ್ಕೆ ಬಂದಾಗ ಹಳೇ ಭಾಗವತರು ಹೇಗೆ ಉಸಿರು ಅಳೆದು, ಎಲ್ಲಿ ಏರಬೇಕೋ ಅಲ್ಲಿ ಮಾತ್ರ ಏರುತ್ತಾರೋ, ಈ ಮನುಷ್ಯನದ್ದೂ ಅದೇ ಲೆಕ್ಕ. ಎಲ್ಲ ಕಡೆ ಕಿರುಚುವುದಿಲ್ಲ. ಕಿರುಚಿದ ಕಡೆ ಮೈ ಜುಮ್ಮೆನ್ನುತ್ತದೆ.

ಗಿಟಾರಿನ ಗ್ಲೆನ್ ಟಿಪ್ಟನ್‌ಗೆ ಪಾರ್ಕಿನ್ಸನ್ ಕಾಯಿಲೆ ಇರುವುದು 2018ರಲ್ಲಿ ಬಹಿರಂಗವಾಯಿತು. ಹಾಗಿದ್ದರೂ ಈ ಆಲ್ಬಮ್ಮಿನ ಹಾಡುಗಳ ರಚನೆಯಲ್ಲಿ ಅವರ ಪಾಲಿದೆ. ಇನ್ನೊಬ್ಬ ಗಿಟಾರಿಗ ರಿಚಿ ಫಾಕ್ನರ್‌ಗೆ 2021ರಲ್ಲಿ ವೇದಿಕೆಯಲ್ಲೇ ಹೃದಯದ ಮುಖ್ಯ ರಕ್ತನಾಳ ಒಡೆದು, ತುರ್ತು ಶಸ್ತ್ರಚಿಕಿತ್ಸೆಯಿಂದ ಬದುಕಿ ಬಂದವರು. ಇಷ್ಟೆಲ್ಲ ಕಂಡವರ ಆಲ್ಬಮ್ ಅಳುಮುಂಜಿ ಆಗಬಹುದಿತ್ತು. ಆಗಿಲ್ಲ. ಐವತ್ತೆರಡು ನಿಮಿಷ, ಒಂದೂ ಸಡಿಲ ಹಾಡಿಲ್ಲ ಅಂದರೆ ತಪ್ಪಲ್ಲ. ಕೊನೆಯ ಎರಡು ಹಾಡು ಸ್ವಲ್ಪ ಸಪ್ಪೆ ಅನ್ನಬಹುದು, ಅಷ್ಟೇ.

1968ರಲ್ಲಿ ಹುಟ್ಟಿದ 'ಡೀಪ್ ಪರ್ಪಲ್' ಕೂಡ 2024ರ ಜುಲೈಯಲ್ಲಿ '=1' ಎಂಬ ವಿಚಿತ್ರ ಹೆಸರಿನ ಆಲ್ಬಮ್ ತಂದಿತು. ಡ್ರಮ್ಮಿನ ಇಯಾನ್ ಪೇಸ್ ಒಬ್ಬರೇ ಮೊದಲ ದಿನದಿಂದ ಇರುವವರು. ಹೊಸ ಗಿಟಾರಿಗ ಸೈಮನ್ ಮ್ಯಾಕ್‌ಬ್ರೈಡ್ ಬಂದ ಮೇಲೆ ತಂಡಕ್ಕೆ ಹೊಸ ರಕ್ತ ಬಂದಂತಾಗಿದೆ. ಗಾಯಕ ಇಯಾನ್ ಗಿಲನ್ ಆಗ 78ರವರು. ಹಿಂದಿನ ಏರು ಸ್ವರ ಈಗ ಇಲ್ಲ, ಅದಕ್ಕೆ ಅವರು ಕೈ ಹಾಕುವುದೂ ಇಲ್ಲ. ಮಾತಾಡಿದ ಹಾಗೆ, ತಮಾಷೆ ಮಾಡಿದ ಹಾಗೆ ಹಾಡಿ ದಾಟಿಸುತ್ತಾರೆ. ಮನೆಯ ಹಿರಿಯರಿಗೆ ಈ ಸಂಗೀತದ ಪರಿಚಯ ಮಾಡಿಸಬೇಕು ಅಂತಿದ್ದರೆ ಇದರಿಂದ ಶುರು ಮಾಡಿ. ಆರ್ಗನ್ನಿನ ನಾದ ಇದೆ, ಕಿವಿಗೆ ಹೊಡೆಯುವುದಿಲ್ಲ.

ಉದ್ದ ಹೆಚ್ಚಾಯಿತು ಸ್ವಾಮೀ

ಇನ್ನು ಎರಡು ದೊಡ್ಡ ಹೆಸರು, ಒಂದೇ ದೂರು. 'ಐರನ್ ಮೇಡನ್' 2007ರ ಮಾರ್ಚ್‌ನಲ್ಲಿ, 'ಮೆಟಾಲಿಕಾ' 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ ತಂಡಗಳು. ಹಾಗಾಗಿ ನಮ್ಮ ಕಡೆಯ ಹುಡುಗರಿಗೂ ಇವು ಸ್ವಂತ ತಂಡಗಳಿದ್ದಂತೆ.

ಮೆಟಾಲಿಕಾದ '72 ಸೀಸನ್ಸ್' 2023ರ ಏಪ್ರಿಲ್ 14ರಂದು ಬಂತು. ವರ್ಷಕ್ಕೆ ನಾಲ್ಕು ಋತುವಿನ ಅಲ್ಲಿನ ಲೆಕ್ಕದಲ್ಲಿ 72 ಋತು ಅಂದರೆ ಹದಿನೆಂಟು ವರ್ಷ. ಮನುಷ್ಯ ತನ್ನ ಮೊದಲ ಹದಿನೆಂಟು ವರ್ಷದಲ್ಲಿ ಏನು ಕಲಿಯುತ್ತಾನೋ, ಏನು ಪೆಟ್ಟು ತಿನ್ನುತ್ತಾನೋ ಅದನ್ನೇ ಆಯುಷ್ಯವಿಡೀ ಹೊರುತ್ತಾನೆ ಎಂಬುದು ಹೂರಣ. ಒಳ್ಳೆಯ ವಿಷಯ, ಮಕ್ಕಳನ್ನು ಬೆಳೆಸುವವರೂ ಯೋಚಿಸುವಂಥದ್ದು. ಆದರೆ ಹನ್ನೆರಡು ಹಾಡಿಗೆ 77 ನಿಮಿಷ ಬೇಕಿತ್ತೇ? ಹೇಳಿದ್ದನ್ನೇ ಮೂರು ಸಲ ಹೇಳುವ ಅಧ್ಯಕ್ಷೀಯ ಭಾಷಣದ ಹಾಗೆ ಮಧ್ಯದಲ್ಲಿ ಎಳೆಯುತ್ತದೆ. ತಮಾಷೆ ಅಂದರೆ, ಹನ್ನೊಂದು ನಿಮಿಷ ಮೀರಿದ ಕಡೆಯ ಹಾಡು ಅವರ ಎಲ್ಲ ಹಾಡುಗಳಲ್ಲೇ ಉದ್ದದ್ದು, ಇಲ್ಲಿ ಚಂದ ಇರುವುದೂ ಅದುವೇ. ಉಳಿದವುಗಳಲ್ಲಿ ನಾಲ್ಕನ್ನು ತೆಗೆದರೆ ಗಟ್ಟಿ ಆಲ್ಬಮ್.

ಐರನ್ ಮೇಡನ್‌ನ 'ಸೆಂಜುತ್ಸು' 2021ರ ಸೆಪ್ಟೆಂಬರ್‌ನದ್ದು, 82 ನಿಮಿಷಕ್ಕೆ ಹತ್ತೇ ಹಾಡು. ಕೊನೆಯ ಮೂರೂ ಹತ್ತು ನಿಮಿಷ ದಾಟಿದವು, ಮೂರೂ ಬಾಸ್ ನುಡಿಸುವ ಸ್ಟೀವ್ ಹ್ಯಾರಿಸ್ ಬರೆದವು. ಇಲ್ಲಿ ಉದ್ದಕ್ಕೆ ಅರ್ಥವಿದೆ. ನಿಧಾನಕ್ಕೆ ಪೀಠಿಕೆ, ಆಮೇಲೆ ಕಥೆ, ಆಮೇಲೆ ಯುದ್ಧ, ಮತ್ತೆ ಶಾಂತ. ನಮ್ಮ ಪ್ರಸಂಗದ ನಡೆಯೇ. ರಾತ್ರಿ ಹತ್ತಕ್ಕೆ ಕೂತು ಬೆಳಗಿನ ಜಾವಕ್ಕೆ ಏಳುವ ಅಭ್ಯಾಸ ಇದ್ದವರಿಗೆ 82 ನಿಮಿಷ ಏನೂ ಅಲ್ಲ. ಆದರೆ ಧ್ವನಿಮುದ್ರಣದಲ್ಲಿ ಗಾಯಕನ ಸ್ವರ ಸ್ವಲ್ಪ ಹಿಂದೆ ಬಿದ್ದಿದೆ, ಮದ್ದಳೆಯ ಸದ್ದಿಗೆ ಭಾಗವತರು ಮುಚ್ಚಿಹೋದ ಹಾಗೆ.

ಆಸ್ತಿ ಪಾಲಿನ ಕಥೆ

ಈ ಪಟ್ಟಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಸ್ವೀಡನ್ನಿನ 'ಓಪೆತ್' ತಂಡದ 'ದ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್', 2024ರ ನವೆಂಬರ್‌ನದ್ದು. ಮೊದಲ ಮಹಾಯುದ್ಧದ ನಂತರದ ಕಾಲ. ಶ್ರೀಮಂತ ಯಜಮಾನ ಸತ್ತಿದ್ದಾನೆ. ಮಕ್ಕಳು ಮೂವರು ಕೂತಿದ್ದಾರೆ, ಉಯಿಲು ಓದುತ್ತಿದ್ದಾರೆ. ಹಾಡುಗಳಿಗೆ ಹೆಸರೇ ಇಲ್ಲ, ಉಯಿಲಿನ ಕಲಂ ಒಂದು, ಕಲಂ ಎರಡು ಅಂತ ಏಳರವರೆಗೆ ಹೋಗುತ್ತದೆ. ಎಂಟನೆಯದಕ್ಕೆ ಮಾತ್ರ ಹೆಸರು. ಒಂದೊಂದು ಕಲಮಿಗೂ ಒಂದೊಂದು ಗುಟ್ಟು ಬಿಚ್ಚಿ, ರಕ್ತಸಂಬಂಧದ ಲೆಕ್ಕವೇ ಬುಡಮೇಲಾಗುತ್ತದೆ.

ಗುಡ್ಡೆ, ತೋಟ, ಗದ್ದೆ ಪಾಲಾಗುವಾಗ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಕಂಡ ಊರಿನವರು ನಾವು. ಇಂಥ ಕಥೆಗೆ ಭಾಷಾಂತರ ಬೇಕೇ? ಸತ್ತ ಯಜಮಾನನ ಮಾತು ಬಂದಾಗ ಗಾಯಕ ಮಿಕೇಲ್ ಒಕರ್‌ಫೆಲ್ಟ್ ಗಂಟಲಾಳದಿಂದ ಗುರುಗುಟ್ಟುತ್ತಾರೆ. ಈ ಗುರುಗುಟ್ಟುವಿಕೆ ಅವರ ಆಲ್ಬಮ್‌ಗಳಲ್ಲಿ 2008ರ ನಂತರ ಕೇಳಿರಲಿಲ್ಲ. ರಾಕ್ಷಸ ವೇಷ ಅಟ್ಟಹಾಸ ಮಾಡುವುದು ಯಾಕೆಂದು ಗೊತ್ತಿರುವವರಿಗೆ ಇದೂ ಯಾಕೆಂದು ಗೊತ್ತಾಗುತ್ತದೆ. ನಡುನಡುವೆ 'ಜೆತ್ರೋ ಟಲ್'ನ ಇಯಾನ್ ಆ್ಯಂಡರ್ಸನ್ ಕಥೆ ಓದುತ್ತಾರೆ, ಕೊಳಲನ್ನೂ ಊದುತ್ತಾರೆ. ಒಂದೇ ಆಲ್ಬಮ್ ಕೇಳಲು ಪುರುಸೊತ್ತು ಇರುವವರು ಇದನ್ನೇ ಕೇಳಿ.

ನೆರೆಕರೆಯವರು ಏನು ಮಾಡಿದರು?

ಪರದೇಶದ ಮಾತು ಸಾಕು. ನಮ್ಮವರ ಸಂಗತಿ ಏನು? ಬೆಂಗಳೂರಿನ 'ಕ್ರಿಪ್ಟೋಸ್' 1998ರಿಂದ ಇರುವ ತಂಡ. ಜರ್ಮನಿಯ ಹೆಸರಾಂತ ವಾಕನ್ ಮೆಟಲ್ ಜಾತ್ರೆಯಲ್ಲಿ 2013ರಲ್ಲಿ ನುಡಿಸಿ ಬಂದವರು. 2024ರ ಜುಲೈಯಲ್ಲಿ ಬಂದ ಅವರ 'ಡೆಸಿಮೇಟರ್' ಎಂಬತ್ತರ ದಶಕದ ಮೆಟಲ್ಲಿನ ನೇರ ಸಂತಾನ. ಆಡಂಬರ ಇಲ್ಲ, ಗಿಟಾರಿನ ಜೋಡಿ ಅಚ್ಚುಕಟ್ಟು. ದೆಹಲಿಯ 'ಬ್ಲಡಿವುಡ್' 2025ರ ಮಾರ್ಚ್‌ನಲ್ಲಿ 'ನು ಡೆಲ್ಲಿ' ತಂದಿತು. ಎಂಟೇ ಹಾಡು. ಡೋಲು, ಕೊಳಲು, ಹಿಂದಿ, ಪಂಜಾಬಿ, ಇಂಗ್ಲಿಷು ಎಲ್ಲ ಒಟ್ಟಿಗೆ. ಊಟದ ಒಗ್ಗರಣೆಯ ಮೇಲೂ ಒಂದು ಹಾಡು! ಅಲ್ಲಲ್ಲಿ ಗದ್ದಲ ಜಾಸ್ತಿ, ಸೂಕ್ಷ್ಮ ಕಡಿಮೆ. ಆದರೆ ಕೇಳಿದ ಕೂಡಲೇ ಯಾವ ಊರಿನವರು ಅಂತ ಗೊತ್ತಾಗುತ್ತದೆ.

ನನಗೆ ಚುಚ್ಚುವುದು ಅಲ್ಲಿಯೇ. ಕ್ರಿಪ್ಟೋಸ್ ಬೆಂಗಳೂರಿನದ್ದಾದರೂ ಹಾಡು ಇಂಗ್ಲಿಷಿನದ್ದು. ಅವರನ್ನು ದೂರುತ್ತಿಲ್ಲ, ಅದು ಅವರ ಆಯ್ಕೆ. ನಾವಿರುವ ಕೇರಳದಲ್ಲಿ 'ಅವಿಯಲ್' ತಂಡ 2008ರಲ್ಲೇ ಅಚ್ಚ ಮಲಯಾಳದಲ್ಲಿ ರಾಕ್ ಹಾಡಿ ತೋರಿಸಿತು. ಕೊಚ್ಚಿಯ 'ಮದರ್‌ಜೇನ್' ತಂಡ ಅದೇ ವರ್ಷ ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಗಮಕ ತಂದಿತು. ಕನ್ನಡದಲ್ಲಿ ಸ್ವರಾತ್ಮ, ರಘು ದೀಕ್ಷಿತ್ ಮೊದಲಾದವರು ಜಾನಪದದ ಜೊತೆ ರಾಕ್ ಬೆಸೆದಿದ್ದಾರೆ, ಸಂತೋಷ. ಆದರೆ ಕಬ್ಬಿಣದಷ್ಟು ಭಾರದ ಕನ್ನಡ ನನ್ನ ಕಿವಿಗೆ ಬಿದ್ದದ್ದು ತೀರಾ ಕಮ್ಮಿ.

1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಅಂದಿನಿಂದ ಕನ್ನಡ ಉಳಿಸಲು ಶಾಲೆ, ಸಮ್ಮೇಳನ, ಮನವಿ, ಧರಣಿ ಎಲ್ಲ ನಡೆದಿದೆ, ನಡೆಯಲೇಬೇಕು. ಹಾಗಿದ್ದರೂ ಒಂದು ಪ್ರಶ್ನೆ. ಹದಿನೇಳರ ಹುಡುಗನಿಗೆ ಸಿಟ್ಟು ಬಂದಾಗ, ಮನಸ್ಸು ಮುರಿದಾಗ ಅವನು ಯಾವ ಭಾಷೆಯ ಹಾಡು ಹಾಕಿಕೊಳ್ಳುತ್ತಾನೆ? ಭಾಷೆ ಅರ್ಜಿಗೆ, ಭಾಷಣಕ್ಕೆ, ಪ್ರಾರ್ಥನೆಗೆ ಮಾತ್ರ ಉಳಿದರೆ ಅವನ ಪಾಲಿಗೆ ಅದು ಅಜ್ಜನ ಕಾಲದ ಪತ್ತಾಯದ ಹಾಗೆ. ಗೌರವ ಉಂಟು, ಉಪಯೋಗ ಇಲ್ಲ. ಪಾರ್ತಿಸುಬ್ಬನ ಊರಿದು. ಆರ್ಭಟೆಗೆ ಬೇಕಾದ ಪದ, ತಾಳ, ಗಂಟಲು ಎಲ್ಲ ಇಲ್ಲಿಯೇ ಇದೆ. ಚೆಂಡೆ ಕಲಿತ ಹುಡುಗ, ಗಿಟಾರ್ ಕಲಿತ ಹುಡುಗ ಒಂದೇ ಜಗಲಿಯಲ್ಲಿ ಕೂರಬೇಕು, ಅಷ್ಟೇ ಬಾಕಿ. "ಯಕ್ಷಗಾನ ಹಾಳಾಗುತ್ತದೆ" ಅಂತ ಹಿರಿಯರು ಹೆದರಬೇಕಾಗಿಲ್ಲ. ಆಟ ಆಟವೇ. ಇದು ಬೇರೆಯೇ ಅಡುಗೆ, ಸಾಮಾನು ಮಾತ್ರ ಮನೆಯದ್ದು.

ಕಿವಿ ಇದ್ದರೆ ಹಾಡು

ಒಂದು ಎಚ್ಚರಿಕೆ ಹೇಳದೆ ಮುಗಿಸುವುದು ಸರಿಯಲ್ಲ. 'ಎಸಿ/ಡಿಸಿ' ತಂಡದ ಬ್ರಯಾನ್ ಜಾನ್ಸನ್ 2016ರಲ್ಲಿ ಪ್ರವಾಸದ ಮಧ್ಯೆಯೇ ಹಾಡು ನಿಲ್ಲಿಸಬೇಕಾಯಿತು. ಮುಂದುವರಿಸಿದರೆ ಪೂರ್ತಿ ಕಿವುಡಾಗುತ್ತೀರಿ ಅಂತ ವೈದ್ಯರು ಹೇಳಿದ್ದರು. ಹೊಸ ಬಗೆಯ ಕಿವಿಯ ಉಪಕರಣದ ನೆರವಿನಿಂದ ಆಮೇಲೆ ಮರಳಿದರು. ಎಲ್ಲರಿಗೂ ಆ ಭಾಗ್ಯ ಇಲ್ಲ. 80 ಡೆಸಿಬಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸದ್ದು ಏರಿದಷ್ಟೂ ಈ ಅವಧಿ ಬೇಗ ಬೇಗ ಕುಗ್ಗುತ್ತದೆ. ಬಸ್ಸಿನ ಗದ್ದಲ ಮೀರಿಸಲು ಇಯರ್‌ಫೋನಿನ ಸದ್ದು ಏರಿಸುವ ಮಕ್ಕಳಿಗೆ ಇದನ್ನು ಹೇಳಿ. ಹಾಡು ನಿಲ್ಲಿಸಿ ಅಂತ ಬೇಡ, ಸದ್ದು ತಗ್ಗಿಸಿ ಅಂತ ಹೇಳಿ. ಕೇಳುತ್ತಾರೆ.

ಕೇಳುವ ಮನಸ್ಸಾದವರಿಗೆ ಕ್ರಮ ಹೀಗಿರಲಿ: ಮೊದಲು ಡೀಪ್ ಪರ್ಪಲ್, ಆಮೇಲೆ ಜೂಡಸ್ ಪ್ರೀಸ್ಟ್, ಕಿವಿ ಪಳಗಿದ ಮೇಲೆ ಓಪೆತ್. ಇಷ್ಟವಾಗದಿದ್ದರೆ ನಷ್ಟ ಮೂರು ಗಂಟೆ ಮಾತ್ರ. ಇಷ್ಟವಾದರೆ, ಮನೆಯ ಮಕ್ಕಳ ಜೊತೆ ಮಾತಾಡಲು ಒಂದು ಹೊಸ ವಿಷಯ ಸಿಕ್ಕಿತು ಅಂತ ತಿಳಿಯಿರಿ.