ಮನೆಯ ಕಾವಲುಗಣ್ಣಿಗೂ ಕಾವಲು ಬೇಕು

ಮನೆಗೆ ಬೀಗ ಹಾಕಿ ಪರಸ್ಥಳಕ್ಕೆ ಹೊರಡುವವರು ಕೀಲಿಕೈಯನ್ನು ನೆರೆಮನೆಯವರ ವಶಕ್ಕೆ ಒಪ್ಪಿಸಿ ಹೋಗುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಕೀಲಿಕೈ ಯಾರ ಕೈಯಲ್ಲಿದೆಯೆಂಬುದು ಮನೆಯ ಯಜಮಾನರಿಗೆ ತಿಳಿದಿರುತ್ತಿತ್ತು. ಹಿಂದಿರುಗಿದೊಡನೆ ಅದನ್ನು ಮರಳಿ ಪಡೆಯುತ್ತಿದ್ದರು. ಇಂದು ಆ ನೆರೆಮನೆಯವರ ಸ್ಥಾನಕ್ಕೆ ಗೋಡೆಯ ಮೇಲಿನ ಪುಟ್ಟ ಕ್ಯಾಮೆರಾ ಬಂದಿದೆ. ನಮ್ಮ ಶಾಲೆಯಲ್ಲಿ ಅಕ್ಷರ ಕಲಿತು ಬೆಂಗಳೂರು, ಪುಣೆ, ಅಮೆರಿಕಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ, ಊರಿನಲ್ಲಿರುವ ವೃದ್ಧ ತಂದೆತಾಯಿಗಳ ಯೋಗಕ್ಷೇಮವನ್ನು ಅರಿಯಲು ಬಾಗಿಲಿನಲ್ಲಿಯೂ ಪಡಸಾಲೆಯಲ್ಲಿಯೂ ಇಂಥ ಕ್ಯಾಮೆರಾಗಳನ್ನು ಇರಿಸಿದ್ದಾರೆ. ಉದ್ದೇಶ ಶ್ಲಾಘ್ಯವಾದುದು. ಆದರೆ ಈ ಕಣ್ಣಿನ ಕೀಲಿಕೈ ಯಾರ ಯಾರ ಕೈಯಲ್ಲಿದೆ ಎಂದು ಕೇಳಿದರೆ ಖಚಿತವಾಗಿ ಉತ್ತರಿಸಬಲ್ಲವರು ವಿರಳ. ಆ ಪ್ರಶ್ನೆಯನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಈ ಯಂತ್ರದ ಕಾರ್ಯವಿಧಾನವನ್ನು ತಿಳಿಯಬೇಕು. ಹಿಂದಿನ ಸಿ.ಸಿ. ಟಿ.ವಿ. ವ್ಯವಸ್ಥೆಯಲ್ಲಿ ಕ್ಯಾಮೆರಾದಿಂದ ಹೊರಟ ತಂತಿ ಅದೇ ಕಟ್ಟಡದೊಳಗಿನ ಪರದೆಯಲ್ಲಿ ಕೊನೆಗೊಳ್ಳುತ್ತಿತ್ತು. ಇಂದಿನ ಮನೆಯ ಕ್ಯಾಮೆರಾ ಹಾಗಲ್ಲ. ಅದು ಕಂಡ ದೃಶ್ಯ ಮನೆಯ ರೂಟರಿನ ಮೂಲಕ ಅಂತರಜಾಲವನ್ನು ಸೇರಿ, ದೂರದಲ್ಲೆಲ್ಲೋ ಇರುವ ಕಂಪನಿಯ ಸರ್ವರನ್ನು ತಲುಪಿ, ಅಲ್ಲಿಂದ ನಮ್ಮ ಮೊಬೈಲಿಗೆ ಬರುತ್ತದೆ. ಆ ಸರ್ವರಿನಲ್ಲಿ ನಮ್ಮ ಹೆಸರಿನ ಒಂದು ಖಾತೆ ಇರುತ್ತದೆ. ಖಾತೆಯ ಹೆಸರನ್ನೂ ಪಾಸ್‌ವರ್ಡನ್ನೂ, ಅಂದರೆ ಗುಪ್ತಪದವನ್ನೂ ಸರಿಯಾಗಿ ಹೇಳಿದವರಿಗೆ ಬಾಗಿಲು ತೆರೆಯುತ್ತದೆ. ಹೇಳಿದವನ ಮುಖವನ್ನು ಅದು ನೋಡುವುದಿಲ್ಲ. ಅದಕ್ಕೆ ಮನೆಯ ಮಗನೂ ಒಂದೇ, ಮನೆಮುರುಕನೂ ಒಂದೇ.

ಈ ಮಾತಿಗೆ ನಿದರ್ಶನವಾಗಿ ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ 2019ರ ಡಿಸೆಂಬರಿನಲ್ಲಿ ನಡೆದ ಸಂಗತಿಯನ್ನು ನೋಡಬಹುದು. ಎಂಟು ವರ್ಷದ ಬಾಲಕಿಯ ಕೋಣೆಯಲ್ಲಿದ್ದ ರಿಂಗ್ ಕಂಪನಿಯ ಕ್ಯಾಮೆರಾದಿಂದ ಅಪರಿಚಿತನೊಬ್ಬನ ಧ್ವನಿ ಹೊರಟು, ಆ ಮಗುವಿನೊಡನೆ ಮಾತಿಗೆ ತೊಡಗಿತು. ಮಗುವಿನ ರಕ್ಷಣೆಗೆಂದು ಇಟ್ಟ ಯಂತ್ರವೇ ಮಗುವಿನ ಭೀತಿಗೆ ಕಾರಣವಾಯಿತು. ಅಂದಿನ ದಿನಗಳಲ್ಲಿ ಇಂಥ ಪ್ರಕರಣಗಳು ಹಲವು ನಡೆದವು. 2019ರ ಜನವರಿಯಿಂದ 2020ರ ಮಾರ್ಚ್‌ವರೆಗೆ ಸುಮಾರು 55,000 ಗ್ರಾಹಕರ ಖಾತೆಗಳು ಗಂಭೀರವಾಗಿ ಪರರ ವಶವಾದುವೆಂದು ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆಪಾದಿಸಿತು.

ಇದು ನಡೆದುದು ಹೇಗೆ? ಬಹಳ ಮಂದಿ ಒಂದೇ ಗುಪ್ತಪದವನ್ನು ಹತ್ತು ಕಡೆ ಬಳಸುತ್ತಾರೆ. ಯಾವುದೋ ಅಂಗಡಿಯ, ಯಾವುದೋ ಆಟದ ಜಾಲತಾಣದಿಂದ ಗುಪ್ತಪದಗಳ ಪಟ್ಟಿ ಕಳುವಾಗುತ್ತದೆ. ಕಳ್ಳರು ಆ ಪಟ್ಟಿಯನ್ನು ಯಂತ್ರದ ಸಹಾಯದಿಂದ ಕ್ಯಾಮೆರಾ ಕಂಪನಿಯ ಬಾಗಿಲಿನಲ್ಲಿ ಒಂದೊಂದಾಗಿ ಪ್ರಯೋಗಿಸುತ್ತಾರೆ. ಎರಡು ಕಡೆಯೂ ಒಂದೇ ಗುಪ್ತಪದವಿದ್ದವರ ಮನೆ ತೆರೆದುಕೊಳ್ಳುತ್ತದೆ. ಇಲ್ಲಿ ಬೀಗ ಮುರಿಯುವ ಶ್ರಮವೇ ಇಲ್ಲ.

ಎರಡನೆಯ ದಾರಿ ಇನ್ನೂ ಸುಲಭವಾದುದು. ಕಾರ್ಖಾನೆಯಲ್ಲಿ ಹಾಕಿದ ಗುಪ್ತಪದವನ್ನು ಬದಲಿಸದೆ ಬಿಡುವವರು ಅನೇಕರು. 2016ರಲ್ಲಿ ಹರಡಿದ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಇಂಥ ಸುಮಾರು 60 ಸಿದ್ಧ ಗುಪ್ತಪದಗಳ ಪಟ್ಟಿಯೊಂದನ್ನೇ ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಅಂಥ ಯಂತ್ರಗಳ ಪಡೆಯಿಂದ ನಡೆದ ದಾಳಿಯಿಂದಾಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ದೊಡ್ಡ ತಾಣಗಳು ಅಮೆರಿಕದಲ್ಲಿ ಕೆಲವು ಗಂಟೆಗಳ ಕಾಲ ದೊರೆಯದಂತಾದುವು. ನಮ್ಮ ದೇಶವೂ ಈ ಪಿಡುಗಿಗೆ ಹೊರತಾಗಿಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟೆಯ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾಗಳಿಂದ ಕದ್ದ ಮಹಿಳೆಯರ ತಪಾಸಣೆಯ ದೃಶ್ಯಗಳು ಅಂತರಜಾಲದಲ್ಲಿ ಮಾರಾಟಕ್ಕೆ ಬಂದ ಸುದ್ದಿ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು.

ಹಾಗಾದರೆ ಪರಿಹಾರವೇನು? ಮೊದಲನೆಯದಾಗಿ, ಕ್ಯಾಮೆರಾದ ಖಾತೆಗೆ ಬೇರೆಲ್ಲಿಯೂ ಬಳಸದ, ಉದ್ದವಾದ ಗುಪ್ತಪದವಿರಬೇಕು. ನಾಲ್ಕು ಅಂಕಿಗಳ ಗುಪ್ತಸಂಖ್ಯೆಯಲ್ಲಿ ಸಾಧ್ಯವಾಗುವ ಜೋಡಣೆಗಳು ಕೇವಲ 10,000. ಇಂಗ್ಲಿಷಿನ ಎಂಟು ಸಣ್ಣಕ್ಷರಗಳಿಂದ ಸುಮಾರು 20,880 ಕೋಟಿ. ಇನ್ನೂ ನಾಲ್ಕಕ್ಷರ ಸೇರಿಸಿದರೆ ಅದು ಮತ್ತೆ ನಾಲ್ಕೂವರೆ ಲಕ್ಷ ಪಟ್ಟಿಗೂ ಮಿಗಿಲಾಗುತ್ತದೆ. ಆದುದರಿಂದ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಜೋಡಿಸಿಕೊಂಡರೆ ನೆನಪಿಗೆ ಸುಲಭ, ಊಹೆಗೆ ಕಷ್ಟ. ಮನೆದೇವರ ಹೆಸರು, ಶರಣರ ಅಂಕಿತ, ಪ್ರಸಿದ್ಧ ವಚನದ ಸಾಲು, ಮೊಮ್ಮಗನ ಹೆಸರು, ಮೊಬೈಲಿನ ಸಂಖ್ಯೆ ಇವು ಸಲ್ಲವು. ಅವು ನಾಲ್ಕು ಜನರಿಗೆ ತಿಳಿದಿರುವಂಥವು. ತಿಂಗಳಿಗೊಮ್ಮೆ ಬದಲಿಸುತ್ತಿರಬೇಕೆಂಬ ಹಳೆಯ ಉಪದೇಶವನ್ನು ಅಮೆರಿಕದ ಮಾನಕ ಸಂಸ್ಥೆಯು 2017ರಲ್ಲಿಯೇ ಕೈಬಿಟ್ಟಿತು. ಸೋರಿಹೋದ ಸಂಶಯ ಬಂದ ತಕ್ಷಣ ಬದಲಿಸುವುದು ಮುಖ್ಯ.

ಎರಡನೆಯದು, ಎರಡು ಹಂತದ ಪರಿಶೀಲನೆ. ಗುಪ್ತಪದ ಹೇಳಿದ ಮೇಲೂ ನಮ್ಮ ಮೊಬೈಲಿಗೆ ಬರುವ ಸಂಖ್ಯೆಯೊಂದನ್ನು ಸರ್ವರು ಕೇಳುತ್ತದೆ. ಹೀಗಾಗಿ ಗುಪ್ತಪದ ಕದ್ದವನಿಗೂ ಒಳಗೆ ಪ್ರವೇಶ ದೊರೆಯದು. ಮಿಸಿಸಿಪಿಯ ಪ್ರಕರಣದ ತರುವಾಯ, 2020ರ ಫೆಬ್ರವರಿಯಲ್ಲಿ, ಆ ಕಂಪನಿ ಇದನ್ನು ಎಲ್ಲ ಗ್ರಾಹಕರಿಗೂ ಕಡ್ಡಾಯಗೊಳಿಸಿತು. ಸಂದೇಶದ ಮೂಲಕ ಬರುವ ಸಂಖ್ಯೆಗಿಂತ, ಮೊಬೈಲಿನಲ್ಲಿಯೇ ಸಾಮಾನ್ಯವಾಗಿ 30 ಸೆಕೆಂಡುಗಳಿಗೊಮ್ಮೆ ಹೊಸ ಸಂಖ್ಯೆ ರಚಿಸಿಕೊಡುವ ಆಪ್ ಹೆಚ್ಚು ಸುರಕ್ಷಿತ. ನಕಲಿ ಸಿಮ್ ಪಡೆದವನಿಗೂ ಅದು ಸಿಗುವುದಿಲ್ಲ. ಕಂಪನಿಯವರೆಂದು ಹೇಳಿಕೊಂಡು ದೂರವಾಣಿಯಲ್ಲಿ ಯಾರೇ ಕೇಳಿದರೂ ಈ ಸಂಖ್ಯೆಯನ್ನು ಹೇಳಕೂಡದು.

ಮೂರನೆಯದು, ಇ-ಮೇಲ್ ಖಾತೆ. ಗುಪ್ತಪದ ಮರೆತೆನೆಂದು ಹೇಳಿದರೆ ಹೊಸದನ್ನು ರಚಿಸುವ ಕೊಂಡಿ ಬರುವುದು ಅಲ್ಲಿಗೇ. ಆದುದರಿಂದ ಇ-ಮೇಲ್ ಖಾತೆಗೂ ಇವೇ ಎರಡು ರಕ್ಷಣೆಗಳು ಬೇಕು. ಅದು ಸಡಿಲವಾಗಿದ್ದರೆ ಉಳಿದ ಬಂದೋಬಸ್ತು ವ್ಯರ್ಥ.

ನಾಲ್ಕನೆಯದು ನಮ್ಮ ಊರುಗಳಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಕ್ಯಾಮೆರಾ ಜೋಡಿಸಲು ಬಂದ ಹುಡುಗ ಅನುಕೂಲಕ್ಕೆಂದು ತನ್ನ ಮೊಬೈಲಿನಲ್ಲಿಯೇ ಖಾತೆ ತೆರೆದು, ಯಜಮಾನರ ಫೋನ್ ನಂಬರನ್ನೇ ಗುಪ್ತಪದವಾಗಿರಿಸಿ, ಹಣ ಪಡೆದು ಹೋಗುತ್ತಾನೆ. ಅವನು ಸಜ್ಜನನೇ ಇರಬಹುದು. ಆದರೂ ಮನೆಯ ಕೀಲಿಕೈ ಅವನ ಜೇಬಿನಲ್ಲಿಯೇ ಉಳಿಯಿತು. ಆದಕಾರಣ ಖಾತೆಯನ್ನು ಮನೆಯವರೇ ತಮ್ಮ ಇ-ಮೇಲ್ ವಿಳಾಸದಿಂದ ತೆರೆಯಬೇಕು. ಕೆಲಸ ಮುಗಿದ ದಿನವೇ ಗುಪ್ತಪದ ಬದಲಿಸಬೇಕು. ಅಣ್ಣತಮ್ಮಂದಿರು ನೋಡಬೇಕಾದಲ್ಲಿ ಒಂದೇ ಗುಪ್ತಪದವನ್ನು ಹಂಚಿಕೊಳ್ಳದೆ, ಆಪ್‌ನಲ್ಲಿರುವ ಹಂಚಿಕೆಯ ಸೌಲಭ್ಯದಿಂದ ಪ್ರತಿಯೊಬ್ಬರಿಗೂ ಪ್ರತ್ಯೇಕ ಅನುಮತಿ ಕೊಡುವುದು ಮೇಲು. ಆಗ ಬೇಡವಾದವರ ಅನುಮತಿಯನ್ನು ಮಾತ್ರ ಹಿಂಪಡೆಯಬಹುದು. ಹಳೆಯ ಮೊಬೈಲನ್ನಾಗಲಿ ಕ್ಯಾಮೆರಾವನ್ನಾಗಲಿ ಮಾರುವ ಮುನ್ನ ಖಾತೆಯಿಂದ ಅದನ್ನು ತೆಗೆದುಹಾಕಬೇಕು.

ಐದನೆಯದು, ತಂತ್ರಾಂಶದ ಪರಿಷ್ಕರಣೆ. ಕಂಪನಿ ಕಳುಹಿಸುವ ತಿದ್ದುಪಡಿಗಳನ್ನು ಕ್ಯಾಮೆರಾಕ್ಕೂ ರೂಟರಿಗೂ ಕೂಡಲೆ ಅಳವಡಿಸಬೇಕು. ತಿದ್ದುಪಡಿಗಳು ನಿಂತುಹೋದ ಹಳೆಯ ಕ್ಯಾಮೆರಾವನ್ನು ಅಂತರಜಾಲದಿಂದ ಬಿಡಿಸುವುದೇ ಲೇಸು. ಭಾರತ ಸರ್ಕಾರವು 2024ರ ಏಪ್ರಿಲಿನಲ್ಲಿ ಸಿ.ಸಿ. ಟಿ.ವಿ. ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯ ನಿಯಮಗಳನ್ನು ಪ್ರಕಟಿಸಿದ್ದು, ಅವು 2025ರ ಏಪ್ರಿಲ್ 9ರಿಂದ ಜಾರಿಗೆ ಬಂದಿವೆ. ಕೊಳ್ಳುವಾಗ ಆ ಪ್ರಮಾಣಪತ್ರವನ್ನು ವಿಚಾರಿಸಬೇಕು.

ಇಷ್ಟೆಲ್ಲ ಮಾಡಿದರೂ ದೋಷ ಕಂಪನಿಯ ಕಡೆಯಿಂದಲೇ ಬರಬಹುದು. 2021ರ ಮಾರ್ಚಿನಲ್ಲಿ ಅಮೆರಿಕದ ವರ್ಕಾಡ ಕಂಪನಿಯ ಮೇಲಧಿಕಾರದ ಖಾತೆಯೊಂದು ಪರರ ಕೈಸೇರಿ, ಆಸ್ಪತ್ರೆ, ಶಾಲೆ, ಸೆರೆಮನೆಗಳ ಕ್ಯಾಮೆರಾ ದೃಶ್ಯಗಳು ಹೊರಬಿದ್ದುವು. ಅಲ್ಲಿ ಗ್ರಾಹಕರ ಎಚ್ಚರ ಕೆಲಸಕ್ಕೆ ಬರಲಿಲ್ಲ. ಆದ್ದರಿಂದ ಕ್ಯಾಮೆರಾ ಎಲ್ಲಿರಬೇಕೆಂಬ ವಿವೇಕವೇ ಕಡೆಯ ರಕ್ಷೆ. ಹೆಬ್ಬಾಗಿಲು, ಅಂಗಳ, ಹಿತ್ತಿಲುಗಳಿಗೆ ಅದು ಸಲ್ಲುತ್ತದೆ. ಮಲಗುವ ಕೋಣೆಗೂ, ಬಚ್ಚಲಿಗೂ, ಹಿರಿಯರು ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವ ಸ್ಥಳಕ್ಕೂ ಸಲ್ಲದು. ತಂದೆತಾಯಿಗಳನ್ನು ಕೇಳಿ, ಅವರ ಒಪ್ಪಿಗೆ ಪಡೆದು ಇರಿಸಬೇಕಾದುದು ಮಕ್ಕಳ ಧರ್ಮ. ಬಹುತೇಕ ಕ್ಯಾಮೆರಾಗಳು ಮಾತನ್ನೂ ಕೇಳುತ್ತವೆಂಬುದನ್ನು ಅವರಿಗೆ ತಿಳಿಸಬೇಕು.

ಕ್ಯಾಮೆರಾ ತಾನೇ ತಿರುಗಿದರೆ, ಅಪರಿಚಿತ ಫೋನಿನಿಂದ ಪ್ರವೇಶವಾದ ಸೂಚನೆ ಬಂದರೆ, ಮೊದಲು ಅದರ ವಿದ್ಯುತ್ ಸಂಪರ್ಕವನ್ನು ತೆಗೆಯಬೇಕು. ಬಳಿಕ ಇ-ಮೇಲಿನ ಗುಪ್ತಪದ, ಆಮೇಲೆ ಕ್ಯಾಮೆರಾದ ಗುಪ್ತಪದ ಈ ಕ್ರಮದಲ್ಲಿ ಬದಲಿಸಿ, ಎಲ್ಲ ಫೋನುಗಳಿಂದಲೂ ಖಾತೆಯನ್ನು ಹೊರಗೆ ಹಾಕಬೇಕು. ಬಂದ ಸೂಚನೆಗಳನ್ನು ಅಳಿಸದೆ ಸಾಕ್ಷ್ಯವಾಗಿ ಕಾಯ್ದಿರಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಅಥವಾ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು. ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು, ಪ್ರಕಟಿಸುವುದು, ಪ್ರಸಾರ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ವಿಧಿಯಂತೆ 3 ವರ್ಷಗಳವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧ.

ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ಅಭಿಮಾನಪಡುವ ವಿಷಯ. ಹಕ್ಕನ್ನು ನ್ಯಾಯಾಲಯ ಸಾರಬಲ್ಲದು. ದಿನನಿತ್ಯ ಅದನ್ನು ಕಾಯಬೇಕಾದವರು ನಾವೇ. ಅಧ್ಯಾಪಕ ಬಂಧುಗಳು ಈ ವಿಷಯವನ್ನು ತರಗತಿಯಲ್ಲಿ ಒಂದು ಪಾಠವಾಗಿ ಹೇಳಿದರೆ, ಆ ಮಕ್ಕಳೇ ಮನೆಗೆ ಹೋಗಿ ಅಜ್ಜ ಅಜ್ಜಿಯರ ಖಾತೆಗಳನ್ನು ಸರಿಪಡಿಸಿಯಾರು. ದೂರದಲ್ಲಿರುವ ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಯನ್ನು ಕೆಳಗಿಡುವ ಮೊದಲು, ತಮ್ಮ ಊರಮನೆಯ ಕ್ಯಾಮೆರಾದ ಖಾತೆಯನ್ನು ತೆರೆದು, ಅದರಲ್ಲಿ ಯಾರ ಯಾರ ಫೋನುಗಳು ಸೇರಿವೆಯೆಂದು ಒಮ್ಮೆ ನೋಡಲಿ. ಹೆತ್ತವರ ಮಾನವನ್ನು ಕಾಯುವುದು ಅಷ್ಟರಿಂದಲೇ ಆರಂಭವಾಗುತ್ತದೆ.