ಬಿರುಗಾಳಿ ನಿಂತ ಮೇಲೆ ಮನೆಯ ಧೂಳು ತೆಗೆಯುವ ಸರಿಯಾದ ಕ್ರಮ

ಏಪ್ರಿಲ್-ಮೇ ತಿಂಗಳುಗಳಲ್ಲಿ, ಮುಂಗಾರು ಹಿಡಿಯುವ ಮೊದಲು, ನಮ್ಮ ಬಯಲುಸೀಮೆಯಲ್ಲಿ ಬೀಸುವ ಬಿರುಗಾಳಿಯ ಅನುಭವ ಎಲ್ಲ ರೈತ ಬಾಂಧವರಿಗೂ ಇದೆ. ಮಾಗಿ ಉಳುಮೆಯಾಗಿ ಬರಿದಾಗಿ ಬಿದ್ದ ಹೊಲದ ಮಣ್ಣು ಮೇಲೆದ್ದು, ನೋಡನೋಡುತ್ತಿದ್ದಂತೆ ಊರಿಗೆ ಊರೇ ಮಸುಕಾಗುತ್ತದೆ. ಇದು ರಾಜಸ್ಥಾನದ ಕಡೆಯ ಗಾಳಿಯಷ್ಟು ಉಗ್ರವಲ್ಲ ನಿಜ. ಅಲ್ಲಿ ಮತ್ತು ಉತ್ತರ ಪ್ರದೇಶದಲ್ಲಿ 2018ರ ಮೇ 2ರಂದು ಎದ್ದ ಧೂಳಿನ ಬಿರುಗಾಳಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಆದರೆ ಮನೆಯೊಳಗೆ ಬಂದು ಕುಳಿತ ಧೂಳಿನ ಗುಣ ಎಲ್ಲ ಕಡೆಯೂ ಒಂದೇ. ಗಾಳಿ ನಿಂತ ಕೂಡಲೇ ಕಸಬರಿಗೆ ಹಿಡಿಯುವುದು ನಮ್ಮ ವಾಡಿಕೆ. ಕೆಳಗೆ ಕುಳಿತ ಧೂಳನ್ನು ನಾವೇ ಎಬ್ಬಿಸಿ ಉಸಿರಿನೊಡನೆ ಒಳಗೆ ಎಳೆದುಕೊಳ್ಳುವುದು ಆ ಘಳಿಗೆಯಲ್ಲಿಯೇ.

ಒಳಗೆ ಬರುವುದು ಯಾವ ಮಣ್ಣು?

ಮರಳಿನ ಕಣ ದಪ್ಪ ಮತ್ತು ಭಾರ. ಗಾಳಿಗೆ ಅದು ನೆಲದ ಮೇಲೆ ಕುಪ್ಪಳಿಸುತ್ತ ಸಾಗುತ್ತದೆಯೇ ಹೊರತು ಅದರ ಹೆಚ್ಚಿನ ಪಾಲು ಮೊಳಕಾಲೆತ್ತರವನ್ನೂ ದಾಟುವುದಿಲ್ಲ. ಬೆಳಕಿಂಡಿಯಿಂದ ಇಳಿದು ನಾಗಂದಿಗೆಯ ಮೇಲೆ ಕೂರುವುದು ನಯವಾದ ರೇವೆ ಮತ್ತು ಜೇಡಿಯ ಕಣಗಳು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಜೇಡಿಯ ಕಣ 2 ಮೈಕ್ರಾನಿಗಿಂತಲೂ ಸಣ್ಣದು. 10 ಮೈಕ್ರಾನಿಗಿಂತ ಸಣ್ಣ ಕಣಗಳು ಮೂಗನ್ನು ದಾಟಿ ಶ್ವಾಸನಾಳ ಸೇರಬಲ್ಲವು, 2.5 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಇವುಗಳೊಡನೆ ಒಣಗಿದ ಸಗಣಿಯ ಪುಡಿ, ಶಿಲೀಂಧ್ರದ ಬೀಜಕಣ, ಹೊಲಕ್ಕೆ ಸಿಂಪಡಿಸಿದ ಔಷಧಿಯ ಶೇಷವೂ ಬರಬಹುದು. ಆದುದರಿಂದ ಉಬ್ಬಸ ಇರುವವರು, ವೃದ್ಧರು, ಗರ್ಭಿಣಿಯರು ಮತ್ತು ಮಕ್ಕಳು ಈ ಕೆಲಸದಿಂದ ದೂರವಿರಬೇಕು.

ಎಷ್ಟು ಹೊತ್ತು ಕಾಯಬೇಕು?

ಗಾಳಿ ಅಲುಗಾಡದ ಕೋಣೆಯಲ್ಲಿ 3 ಮೀಟರ್ ಎತ್ತರದಿಂದ 10 ಮೈಕ್ರಾನಿನ ಮಣ್ಣಿನ ಕಣ ಏಳೆಂಟು ನಿಮಿಷದೊಳಗೆ ನೆಲ ಸೇರುತ್ತದೆ. 2.5 ಮೈಕ್ರಾನಿನ ಕಣಕ್ಕೆ ಸುಮಾರು ಒಂದೂವರೆ ಗಂಟೆ ಬೇಕು. 1 ಮೈಕ್ರಾನಿನದಕ್ಕೆ ಎಂಟೊಂಬತ್ತು ಗಂಟೆ. ಸಂಜೆ ಗಾಳಿ ಬೀಸಿದ್ದರೆ ಅಡುಗೆಯ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿಕೊಂಡು, ಉಳಿದ ಕೆಲಸವನ್ನು ಬೆಳಗಿಗೆ ಇಟ್ಟುಕೊಳ್ಳುವುದು ಲೇಸು. ಅಲ್ಲಿಯವರೆಗೆ ಫ್ಯಾನು ಹಾಕಬಾರದು.

ಅನುಸರಿಸಬೇಕಾದ ಕ್ರಮ

1. ಹೊರಗಿನ ಗಾಳಿ ತಿಳಿಯಾದ ಮೇಲೆ ಕಿಟಕಿ ಬಾಗಿಲು ತೆರೆಯಿರಿ. ಮೂಗು ಬಾಯಿಗೆ ಸರಿಯಾಗಿ ಕೂರುವ ಎನ್-95 ಮುಖಗವಸು ಉತ್ತಮ. ಟವೆಲು ಸುತ್ತಿಕೊಂಡರೆ ದಪ್ಪ ಕಣ ತಡೆಯುತ್ತದೆ, ನಯವಾದದ್ದು ನುಸುಳುತ್ತದೆ.

2. ಮೇಲಿನಿಂದ ಕೆಳಕ್ಕೆ ಬನ್ನಿ: ಮೊದಲು ತೊಲೆ, ನಾಗಂದಿಗೆ, ಆಮೇಲೆ ಕಿಟಕಿ, ಪೆಟ್ಟಿಗೆ, ಕೊನೆಗೆ ನೆಲ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲ ತೊಡಿಸಿ ಎಳೆದರೆ ಧೂಳು ಚೀಲದಲ್ಲೇ ಉಳಿಯುತ್ತದೆ. ವಿದ್ಯುತ್ ಉಪಕರಣಗಳನ್ನು ಒರೆಸುವ ಮೊದಲು ಮೇನ್ ಸ್ವಿಚ್ ಆರಿಸಿರಿ.

3. ಒಣ ಕಸಬರಿಗೆ ಬೇಡ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬಕೆಟ್ಟಿನ ನೀರಿನಲ್ಲಿ ಜಾಲಿಸಿ, ನೀರನ್ನು ಆಗಾಗ ಬದಲಿಸಿರಿ. ಮಣ್ಣಿನ ನೆಲವಾದರೆ ನೀರು ಚಿಮುಕಿಸಿ, ಇಲ್ಲವೇ ತೇವ ಮಾಡಿದ ಮರದ ಹೊಟ್ಟು ಹರಡಿ, ನಿಧಾನವಾಗಿ ಗುಡಿಸಿರಿ.

4. ಹಾಸಿಗೆ ಕಂಬಳಿಗಳನ್ನು ಒಳಗೆ ಕೊಡವಬಾರದು. ಹೊರಗೆ ಒಯ್ದು, ಗಾಳಿಗೆ ಬೆನ್ನು ಮಾಡಿ ನಿಂತು ಕೊಡವಿ, ಬಿಸಿಲಿಗೆ ಹಾಕಿರಿ.

5. ಮುಚ್ಚಳವಿಲ್ಲದ ಹರವಿಯ ನೀರನ್ನು ಕುಡಿಯಲು ಬಳಸದೆ ಗಿಡಗಳಿಗೆ ಹಾಕಿರಿ. ತೆರೆದಿಟ್ಟ ಅಡುಗೆಯನ್ನು ಚೆಲ್ಲುವುದೇ ಕ್ಷೇಮ.

6. ದನಗಳ ನೀರಿನ ತೊಟ್ಟಿಯನ್ನು ತೊಳೆದು ಹೊಸ ನೀರು ತುಂಬಿರಿ. ಮೇವನ್ನು ಹೊರಗೆ ಜಾಡಿಸಿ, ಸ್ವಲ್ಪ ನೀರು ಚಿಮುಕಿಸಿ ಹಾಕಿರಿ.

7. ಕೆಲಸ ಮುಗಿದ ಮೇಲೆ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಅಂಬೆಗಾಲಿಡುವ ಕೂಸು ಇರುವ ಮನೆಯಲ್ಲಿ ನೆಲವನ್ನು ಮರುದಿನವೂ ಒಮ್ಮೆ ಒರೆಸಬೇಕು. ಕೆಮ್ಮು, ಎದೆ ಬಿಗಿತ, ಏದುಸಿರು ಕಾಣಿಸಿಕೊಂಡು ಕಡಿಮೆಯಾಗದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಆ ಧೂಳು ಯಾರದು?

ಬಕೆಟ್ಟಿನ ತಳದಲ್ಲಿ ನಿಂತ ಕೆಸರನ್ನು ಒಮ್ಮೆ ಗಮನಿಸಿರಿ. ಸಾವಯವ ಅಂಶವೂ ಪೋಷಕಾಂಶಗಳೂ ಹೆಚ್ಚಾಗಿ ಅಂಟಿಕೊಂಡಿರುವುದು ಇಂಥ ನಯವಾದ ಕಣಗಳಿಗೇ. ಎಕರೆಗೆ ಕೇವಲ 1 ಮಿಲಿಮೀಟರ್ ಮೇಲ್ಮಣ್ಣು ಹಾರಿದರೆ ಕಳೆದುಹೋಗುವುದು ಸುಮಾರು 5 ಟನ್ ಮಣ್ಣು. ಗಾಳಿ ಮರಳನ್ನು ಹೊಲದಲ್ಲೇ ಬಿಟ್ಟು ಸತ್ವವನ್ನು ಆರಿಸಿ ಒಯ್ಯುತ್ತದೆ. ಆದ್ದರಿಂದ ಜೋಳ, ಸಜ್ಜೆ ಕೊಯ್ಯುವಾಗ ಒಂದು ಅಡಿ ಕೂಳೆಯನ್ನು ಹೊಲದಲ್ಲಿ ಬಿಡಿರಿ. ಬೇಸಿಗೆಯಲ್ಲಿ ಮಣ್ಣನ್ನು ಹಿಟ್ಟಿನಂತೆ ಪುಡಿ ಮಾಡದೆ ಹೆಂಟೆ ಉಳಿಸಿರಿ. ಉಳುಮೆಯ ಸಾಲುಗಳು ಗಾಳಿಗೆ ಅಡ್ಡವಾಗಿರಲಿ. ಬದುವಿನ ಮೇಲೆ ಗ್ಲಿರಿಸಿಡಿಯಾ, ಹೊಂಗೆ, ಬೇವು ಬೆಳೆಸಿರಿ. ಗಿಡದ ಸಾಲು ತನ್ನ ಎತ್ತರದ ಸುಮಾರು ಹತ್ತರಷ್ಟು ದೂರದವರೆಗೆ ಗಾಳಿಯ ರಭಸವನ್ನು ಗಣನೀಯವಾಗಿ ತಗ್ಗಿಸುತ್ತದೆ. ಒಬ್ಬರ ಹೊಲದ ಮಣ್ಣು ಇನ್ನೊಬ್ಬರ ಮನೆ ಸೇರುವುದರಿಂದ, ಅಕ್ಕಪಕ್ಕದ ಹೊಲದವರೆಲ್ಲ ಕೂಡಿ ಈ ಕ್ರಮಗಳನ್ನು ಕೈಗೊಂಡರೆ ಹೊಲದ ಸತ್ವವೂ ಮನೆಯವರ ಉಸಿರೂ ಉಳಿಯುತ್ತವೆ.